ಭುವನೇಶ್ವರ: ಹೊಸ ರಾಜಧಾನಿ, ಹಳೆಯ ನಂಟು

ರಾಜ್ಯೋತ್ಸವದ ಸಂಚಿಕೆಯಲ್ಲಿ ಕನ್ನಡನಾಡಿನ ಮಾತನ್ನು ಬಿಟ್ಟು ಒಡಿಶಾದ ರಾಜಧಾನಿಯ ಮಾತನ್ನೆತ್ತುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ನುಡಿಯೊಂದಕ್ಕೆ ಅದರದೇ ಆದ ಪ್ರಾಂತವಿರಬೇಕೆಂಬ ಹಂಬಲ ಭಾರತದಲ್ಲಿ ಮೊತ್ತಮೊದಲು ಕೈಗೂಡಿದ್ದು ಒಡಿಯಾ ಜನರಿಗೆ. 1936ನೆಯ ಏಪ್ರಿಲ್ 1ರಂದು ಅವರ ಪ್ರಾಂತ ಹುಟ್ಟಿತು. ನಮ್ಮದು ಒಂದುಗೂಡಿದ್ದು ಅದಕ್ಕೆ 20 ವರ್ಷಗಳ ತರುವಾಯ, 1956ನೆಯ ನವೆಂಬರ್ 1ರಂದು. ನಮಗಿಂತ ಮೊದಲು ಮನೆ ಕಟ್ಟಿದವರು ಅದನ್ನು ಹೇಗೆ ಕಟ್ಟಿದರು, ಯಾರ ಕೈಯಿಂದ ಕಟ್ಟಿಸಿದರು, ಪಕ್ಕದಲ್ಲಿದ್ದ ಹಳೆಯ ಮನೆಯನ್ನು ಏನು ಮಾಡಿದರು ಎಂಬುದನ್ನು ತಿಳಿಯುವುದರಿಂದ ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಲಾಭವುಂಟೆಂದು ನಮ್ಮ ಭಾವನೆ.

ನಾವು ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ ಮಾಡುವವರು. ಓದಿದ್ದು ವಾಣಿಜ್ಯಶಾಸ್ತ್ರ. ಇತಿಹಾಸವೆಂಬುದು ಸಂಜೆಯ ಬಿಡುವಿನಲ್ಲಿ ಹತ್ತಿದ ಗೀಳು. ರಜೆಯ ಪ್ರವಾಸಭತ್ಯೆ ಕೈಗೆ ಬಂದ ವರ್ಷ ಮನೆಯವರನ್ನೂ ಮಗನನ್ನೂ ಕರೆದುಕೊಂಡು ಮುಂಬಯಿಯಿಂದ ಕೋಣಾರ್ಕ ಎಕ್ಸ್‌ಪ್ರೆಸ್ ಹಿಡಿದೆವು. ರೈಲಿನಲ್ಲಿ ಎರಡು ರಾತ್ರಿ ಕಳೆಯಬೇಕು. ಸೊಲ್ಲಾಪುರ, ಕಲಬುರಗಿ, ವಾಡಿ, ಸಿಕಂದರಾಬಾದು, ಬೆಜವಾಡ, ವಿಶಾಖಪಟ್ಟಣ, ಹೀಗೆ ಮರಾಠಿ, ಕನ್ನಡ, ತೆಲುಗು ಸೀಮೆಗಳನ್ನು ದಾಟಿಕೊಂಡು ಆ ಗಾಡಿ ಒಡಿಯಾ ಸೀಮೆಯನ್ನು ಹೊಗುತ್ತದೆ. ನಿದ್ದೆಗಣ್ಣಿನಲ್ಲಿ ಕಲಬುರಗಿಯ ಹಲಗೆಯನ್ನು ನೋಡಿದವರು ಅದನ್ನು ಮರೆಯದಿರಲಿ; ಆ ಊರಿನ ಹೆಸರು ಮುಂದೆ ಮತ್ತೊಮ್ಮೆ ಬರಲಿದೆ.

ಒಡಿಯಾ ಜನರ ಹಿಂದಿನ ಸ್ಥಿತಿಯನ್ನು ಕೇಳಿದರೆ ನಮ್ಮ ಹಿರಿಯರ ಕಥೆಯನ್ನೇ ಕೇಳಿದಂತಾಗುತ್ತದೆ. ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರಷ್ಟೆ. ಹಾಗೆಯೇ ಅವರಲ್ಲಿ ಕೆಲವರು ಬಂಗಾಳಕ್ಕೆ, ಕೆಲವರು ಮದರಾಸಿಗೆ, ಕೆಲವರು ಮಧ್ಯಪ್ರಾಂತಕ್ಕೆ ಸೇರಿದ್ದರು. ಎಲ್ಲಿ ಹೋದರೂ ಅಲ್ಪಸಂಖ್ಯಾತರು. 1870ರಲ್ಲಿ ಬಂಗಾಳಿ ಪಂಡಿತರೊಬ್ಬರು ಒಡಿಯಾ ಒಂದು ಸ್ವತಂತ್ರ ಭಾಷೆಯೇ ಅಲ್ಲವೆಂದು ಪುಸ್ತಕ ಬರೆದರು. ಶಾಲೆಗಳಲ್ಲಿ ಒಡಿಯಾ ಬೇಡ, ಬಂಗಾಳಿ ಸಾಕು ಎಂಬ ವಾದವೆದ್ದಿತು. ಫಕೀರಮೋಹನ ಸೇನಾಪತಿಯವರಂಥವರು ಅದಕ್ಕೆದುರಾಗಿ ನಿಂತರು. ಪಶ್ಚಿಮದ ಸಂಬಲಪುರದಲ್ಲಿ 1895ರ ಸರಕಾರಿ ಆಜ್ಞೆಯೊಂದು ಒಡಿಯಾದ ಬದಲಿಗೆ ಹಿಂದಿಯನ್ನು ಕಚೇರಿಗೆ ತಂದಿತು. ತನ್ನ ಅರ್ಜಿಯನ್ನು ತಾನೇ ಓದಲಾರದ ಸ್ಥಿತಿ ರೈತನಿಗೆ ಬಂದಿತು. ಮುಂಬಯಿ ಕರ್ನಾಟಕದ ಶಾಲೆಗಳಲ್ಲಿ ಮರಾಠಿ ನಡೆಯುತ್ತಿದ್ದಾಗ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಪಾಡನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1903ರಲ್ಲಿ ಮಧುಸೂದನ ದಾಸರ ಮುಂದಾಳುತನದಲ್ಲಿ ಕಟಕದಲ್ಲಿ ಉತ್ಕಲ ಸಮ್ಮಿಲನಿ ಸೇರಿತು. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ. ಸಂಘ ಕಟ್ಟುವುದರಲ್ಲಿ ನಾವೇ ಮುಂದಿದ್ದೆವು, ಪ್ರಾಂತ ಪಡೆಯುವುದರಲ್ಲಿ ಅವರು ಮುಂದಾದರು. 1905ರಲ್ಲಿ ಸಂಬಲಪುರ ಒಡಿಯಾ ಸೀಮೆಗೆ ಸೇರಿತು. 1936ರಲ್ಲಿ ಮದರಾಸಿನಿಂದ ಗಂಜಾಂ, ಕೋರಾಪುಟ ಸೀಮೆಗಳು ಬಂದವು. ಸ್ವಾತಂತ್ರ್ಯದ ತರುವಾಯ ಸುತ್ತಲಿನ ದೇಶೀಯ ಸಂಸ್ಥಾನಗಳೂ ವಿಲೀನವಾಗತೊಡಗಿದವು. ನಾಡು ಬೆಳೆಯಿತು, ರಾಜಧಾನಿ ಮಾತ್ರ ಸಾಲದಾಯಿತು. ಹಳೆಯ ರಾಜಧಾನಿಯಾದ ಕಟಕ ಮಹಾನದಿ ಮತ್ತು ಕಾಠಜೋಡಿ ನದಿಗಳ ನಡುವಿನ ಇಕ್ಕಟ್ಟಿನ ನೆಲ. ಮಳೆಗಾಲದಲ್ಲಿ ನೆರೆಯ ಭಯ, ಬೆಳೆಯಲು ಎಡೆಯಿಲ್ಲ. ಆದ್ದರಿಂದ ಹರೇಕೃಷ್ಣ ಮಹತಾಬರ ಕಾಲದಲ್ಲಿ ಕಟಕದ ದಕ್ಷಿಣಕ್ಕಿದ್ದ ಭುವನೇಶ್ವರದ ಎತ್ತರದ ಬಯಲನ್ನು ಆರಿಸಲಾಯಿತು. ಅಲ್ಲಿ ಆಗ ಇದ್ದದ್ದು ದೇವಾಲಯಗಳ ಸುತ್ತ ಹಬ್ಬಿದ ಒಂದು ಯಾತ್ರಾಸ್ಥಳ, ಒಂದು ರೈಲು ನಿಲ್ದಾಣ, ಉಳಿದಂತೆ ಕೆಂಪು ಜಂಬಿಟ್ಟಿಗೆಯ ನೆಲ ಮತ್ತು ಕುರುಚಲು ಕಾಡು. 1948ನೆಯ ಏಪ್ರಿಲ್ 13ರಂದು ಪಂಡಿತ ಜವಾಹರಲಾಲ ನೆಹರೂ ಅವರು ಹೊಸ ರಾಜಧಾನಿಗೆ ಅಸ್ತಿಭಾರದ ಕಲ್ಲನ್ನಿಟ್ಟರು. ಚಂಡೀಗಢದ ಹೆಸರು ಇನ್ನೂ ಯಾರ ಬಾಯಲ್ಲೂ ಇರದ ಕಾಲವದು.

ಈ ನಗರದ ನಕ್ಷೆಯನ್ನು ಬರೆದವರು ಯಾರೆಂದು ಕೇಳಿದರೆ ಕನ್ನಡಿಗರ ಕಿವಿ ನಿಮಿರಬೇಕು. ಅವರ ಹೆಸರು ಆಟೊ ಕೋನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್ ನಗರದಲ್ಲಿ ಹುಟ್ಟಿದ ವಾಸ್ತುಶಿಲ್ಪಿ. ಯಹೂದಿ ಮೂಲದವರಾದ್ದರಿಂದ 1933ರಲ್ಲಿ ಹಿಟ್ಲರನ ಆಳ್ವಿಕೆ ಬಂದೊಡನೆ ಜರ್ಮನಿಯನ್ನು ತೊರೆಯಬೇಕಾಯಿತು. ಕೆಲವು ವರ್ಷ ಈಜಿಪ್ಟಿನಲ್ಲಿ ಪುರಾತನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿದ್ದು, 1939ರಲ್ಲಿ ಬೆಂಗಳೂರಿಗೆ ಬಂದು ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ತಾಯ್ನಾಡು ಹೊರದೂಡಿದವರಿಗೆ ಮೈಸೂರು ಸಂಸ್ಥಾನ ಕೆಲಸ ಕೊಟ್ಟಿತು, ಸಂಬಳ ಕೊಟ್ಟಿತು, ಗೌರವವನ್ನೂ ಕೊಟ್ಟಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನಶಾಸ್ತ್ರ ವಿಭಾಗದ ಕಟ್ಟಡ ಅವರ ಕೈಯದು. ಅಲ್ಲಿಯ ಬಿಸಿಲು, ಗಾಳಿ, ಮಳೆಗಳನ್ನು ನೋಡಿ ನೋಡಿ ಉಷ್ಣದೇಶದಲ್ಲಿ ಮನೆ ಕಟ್ಟುವ ಬಗೆಯನ್ನು ಅವರು ಕಲಿತರು. ಆ ಕಲಿಕೆಯೇ ಮುಂದೆ ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿತು. ಮೈಸೂರಿನಲ್ಲಿ ಪಳಗಿದ ಆ ಕೈ ಒಡಿಯಾ ಜನರ ರಾಜಧಾನಿಗೆ ಗೆರೆ ಎಳೆಯಿತು. ಸರಕಾರಿ ಕಟ್ಟಡಗಳ ವಿನ್ಯಾಸದ ಹೊಣೆ ಹೊತ್ತವರು ಜೂಲಿಯಸ್ ವಾಜ್ ಎಂಬುವರು.

ನಕ್ಷೆಯ ಮೂಲತತ್ತ್ವ ಬಹಳ ಸರಳವಾದುದು. ಊರನ್ನು ‘ಯೂನಿಟ್’ ಎಂಬ ಕೇರಿಗಳಾಗಿ ವಿಂಗಡಿಸುವುದು. ಒಂದೊಂದು ಕೇರಿಗೂ ಅದರದೇ ಶಾಲೆ, ಅಂಗಡಿಸಾಲು, ಆಟದ ಬಯಲು ಇರುವಂತೆ ಮಾಡುವುದು. ದೊಡ್ಡ ರಸ್ತೆಗಳು ಕೇರಿಗಳ ಅಂಚಿನಲ್ಲಿ ಹಾಯುವುದು, ಒಳಗೆ ನುಗ್ಗದಿರುವುದು. ಅಂದರೆ ಮಗುವೊಂದು ದೊಡ್ಡ ರಸ್ತೆಯನ್ನು ದಾಟದೆ ನಡೆದೇ ಶಾಲೆ ಸೇರಬಹುದು. ಅರಮನೆಯನ್ನೋ ಕೋಟೆಯನ್ನೋ ನಡುವಿಟ್ಟು ಊರು ಬೆಳೆಸಿದ್ದನ್ನು ನಾವು ಕಂಡಿದ್ದೇವೆ. ಇಲ್ಲಿ ಮಗುವಿನ ಹೆಜ್ಜೆಯೇ ಅಳತೆಗೋಲಾಯಿತು. ದಿನವೂ ಲೋಕಲ್ ಗಾಡಿಯ ಬಾಗಿಲಲ್ಲಿ ತೂಗಾಡುತ್ತ ಕೆಲಸಕ್ಕೆ ಹೋಗುವ ಮುಂಬಯಿಯ ನಮ್ಮಂಥವರಿಗೆ ಆ ಹಳೆಯ ಯೂನಿಟ್ಟುಗಳ ಮರಗಳ ನೆರಳಿನಲ್ಲಿ, ಸರಕಾರಿ ನೌಕರರ ಒಂದಂತಸ್ತಿನ ವಸತಿಗಳ ನಡುವೆ ಅಡ್ಡಾಡಿದಾಗ ಹೊಟ್ಟೆಕಿಚ್ಚಾಗದೆ ಇರಲಿಲ್ಲ. ಈ ನಕ್ಷೆಯನ್ನು ಸುಮಾರು 40,000 ಜನರಿಗೆಂದು ಬರೆದದ್ದು. 2011ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ 8 ಲಕ್ಷವನ್ನು ಮೀರಿತ್ತು. ಹೊರವಲಯದಲ್ಲಿ ಊರು ನಕ್ಷೆಯ ಹಿಡಿತ ತಪ್ಪಿ ಬೆಳೆದಿದೆ. ಆದರೂ ಮೂಲ ಕೇರಿಗಳಲ್ಲಿ ಆ ಮೊದಲ ಗೆರೆಗಳನ್ನು ಗುರುತಿಸಬಹುದು. ಉಚ್ಚ ನ್ಯಾಯಾಲಯ ಮಾತ್ರ ಕಟಕದಲ್ಲಿಯೇ ಉಳಿದಿದೆ. ಹಳೆಯ ಊರಿನ ಮಾನವನ್ನು ಅಷ್ಟರಮಟ್ಟಿಗೆ ಉಳಿಸಿದರೆಂದು ಹೇಳಬೇಕು.

ಕೇರಿಗಳಿಗಿಟ್ಟ ಹೆಸರುಗಳು ಇನ್ನೂ ಸ್ವಾರಸ್ಯವಾಗಿವೆ. ಅಶೋಕನಗರ, ಖಾರವೇಲನಗರ, ಭೌಮನಗರ, ಕೇಸರಿನಗರ, ಗಂಗಾನಗರ, ಸೂರ್ಯನಗರ, ಭೋಯಿನಗರ, ಹೀಗೆ ಒಡಿಶಾವನ್ನಾಳಿದ ಅರಸರ ಮತ್ತು ಅರಸುಮನೆತನಗಳ ಹೆಸರುಗಳೆಲ್ಲ ಗುಮಾಸ್ತರ ವಿಳಾಸಗಳಾಗಿವೆ. ಸಿಂಹಾಸನದ ಮೇಲಿದ್ದ ಹೆಸರು ಅಂಚೆಯವನ ಚೀಲಕ್ಕೆ ಇಳಿದು ಬಂದಿದೆ. ಗಂಗಾನಗರದ ಹಲಗೆಯನ್ನು ಓದಿ ಮಗ ಕೇಳಿದ:

“ಅಪ್ಪಾ, ಇದು ಗಂಗಾನದಿಯ ಹೆಸರೇನು?”

“ಅಲ್ಲ ಮಗು, ಗಂಗರಸರ ಹೆಸರು.”

“ಶ್ರವಣಬೆಳಗೊಳದ ಗಂಗರೇ? ಅವರು ಇಲ್ಲಿಗೂ ಬಂದಿದ್ದರೇ?”

ಆ ಪ್ರಶ್ನೆಗೆ ಉತ್ತರ ತಾಮ್ರಶಾಸನಗಳಲ್ಲಿದೆ. ಕಳಿಂಗವನ್ನಾಳಿದ ಪೂರ್ವಗಂಗರಲ್ಲಿ ಅನಂತವರ್ಮ ಚೋಡಗಂಗನೆಂಬುವನು ಹನ್ನೆರಡನೆಯ ಶತಮಾನದಲ್ಲಿ ಪುರಿಯ ಜಗನ್ನಾಥ ದೇವಾಲಯವನ್ನು ಕಟ್ಟಿಸಲು ತೊಡಗಿದವನು. ಅವನ ತಾಮ್ರಪಟಗಳು ತನ್ನ ವಂಶದ ಮೂಲವನ್ನು ಗಂಗವಾಡಿಯ ಕೋಲಾಹಲಪುರದಲ್ಲಿ ಇಟ್ಟಿವೆ. ಅಲ್ಲಿಂದ ಕಾಮಾರ್ಣವನೆಂಬ ಅರಸುಮಗನು ನಾಲ್ವರು ಸೋದರರೊಡನೆ ಹೊರಟು ಕಳಿಂಗಕ್ಕೆ ಬಂದು ನೆಲೆಸಿದನೆಂದು ಅವು ಹೇಳುತ್ತವೆ. ಕೋಲಾಹಲಪುರವೆಂದರೆ ನಮ್ಮ ಕೋಲಾರ. ತಲಕಾಡಿನ ಗಂಗರು ತಮ್ಮನ್ನು ಕುವಲಾಲಪುರದ ಒಡೆಯರೆಂದು ಹೊಗಳಿಕೊಂಡದ್ದೂ ಅದೇ ಊರಿನ ಮೇಲಣ ಅಭಿಮಾನದಿಂದ. ಈ ವಂಶಕಥೆಯನ್ನು ಅಕ್ಷರಶಃ ನಂಬುವ ವಿದ್ವಾಂಸರೂ ಇದ್ದಾರೆ, ಅನುಮಾನಿಸುವವರೂ ಇದ್ದಾರೆ. ಒಂದು ಮಾತಂತೂ ಸ್ಪಷ್ಟ: ಕಳಿಂಗದಲ್ಲಿ ಅಷ್ಟು ದೊಡ್ಡ ರಾಜ್ಯವನ್ನಾಳಿದ ಮೇಲೂ ಅವರು ತಮ್ಮ ಹಿರಿಯರ ಊರನ್ನು ದೂರದ ಕೋಲಾರವೆಂದು ಹೇಳಿಕೊಳ್ಳಲು ನಾಚಲಿಲ್ಲ; ಅವರ ಪ್ರಜೆಗಳೂ ಅದಕ್ಕಾಗಿ ಅವರನ್ನು ಪರಕೀಯರೆಂದು ಎಣಿಸಲಿಲ್ಲ. ಇಂದಿನ ಒಡಿಯಾ ಜನರಂತೂ ರಾಜಧಾನಿಯ ಒಂದು ಕೇರಿಗೆ ಅವರ ಹೆಸರನ್ನೇ ಇಟ್ಟುಕೊಂಡಿದ್ದಾರೆ.

ಹೊಸ ನಗರದಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಹಳೆಯ ಭುವನೇಶ್ವರ. ನಡುವೆ ಬಿಂದುಸಾಗರವೆಂಬ ದೊಡ್ಡ ಕೆರೆ. ಅದರ ಸುತ್ತ ಶಿಖರಗಳ ಸಾಲು. ಇವುಗಳಲ್ಲಿ ಪರಶುರಾಮೇಶ್ವರ ಏಳನೆಯ ಶತಮಾನದ್ದು. ಚಿಕ್ಕ ಗುಡಿ, ಚಪ್ಪಟೆ ಮಾಳಿಗೆಯ ಮಂಟಪ, ಗರ್ಭಗುಡಿಯ ಮೇಲೆ ಮೆಲ್ಲಗೆ ಬಾಗಿದ ಶಿಖರ. ಪಟ್ಟದಕಲ್ಲಿನಲ್ಲಿ ಗಳಗನಾಥ, ಕಾಡಸಿದ್ಧೇಶ್ವರ ಗುಡಿಗಳನ್ನು ನೋಡಿದವರಿಗೆ ಇದು ಹೊಸದೆನಿಸದು. ಈ ಬಾಗುಶಿಖರದ ರೀತಿಯನ್ನು ಚಾಲುಕ್ಯರ ಶಿಲ್ಪಿಗಳೂ ಬಲ್ಲವರಾಗಿದ್ದರು. ನಮ್ಮಲ್ಲಿ ಅದು ದ್ರಾವಿಡ ಶಿಖರದೊಡನೆ ಕೂಡಿ ಬಾಳಿತು. ಇಲ್ಲಿ ಅದೊಂದೇ ಶತಮಾನದಿಂದ ಶತಮಾನಕ್ಕೆ ಎತ್ತರವಾಗುತ್ತ ಹೋಯಿತು. ಹತ್ತನೆಯ ಶತಮಾನದ ಮುಕ್ತೇಶ್ವರದ ಮುಂದೆ ಕಲ್ಲಿನ ಕಮಾನಿನ ತೋರಣವಿದೆ. ಗುಡಿ ಪುಟ್ಟದಾದರೂ ಕೆತ್ತನೆಯಲ್ಲಿ ಎಲ್ಲಿಯೂ ಅವಸರ ಕಾಣದು. ಹನ್ನೊಂದನೆಯ ಶತಮಾನದ ರಾಜಾರಾಣಿಯಲ್ಲಿ ದೇವರಿಲ್ಲ. ಸುತ್ತ ನಿಂತ ದಿಕ್ಪಾಲಕರೂ ನಾಯಿಕೆಯರೂ ಇದ್ದಾರೆ. ಅದೇ ಶತಮಾನದ ಲಿಂಗರಾಜನ ಶಿಖರ ಸುಮಾರು 180 ಅಡಿ ಎತ್ತರ. ಬೇಲೂರಿನಲ್ಲಿ ನಾವು ಗೋಡೆಯ ಹತ್ತಿರ ಹೋಗಿ ಮುಖವಿಟ್ಟು ನೋಡುತ್ತೇವೆ. ಇಲ್ಲಿ ದೂರ ಸರಿದು ಕತ್ತೆತ್ತಿ ನೋಡಬೇಕು.

ಲಿಂಗರಾಜನಿಗೆ ಬಿಲ್ವವೂ ಏರುತ್ತದೆ, ತುಳಸಿಯೂ ಏರುತ್ತದೆ. ಅವನನ್ನು ಹರಿಹರನೆಂದೇ ಪೂಜಿಸುತ್ತಾರೆ. ತುಂಗಭದ್ರೆಯ ದಂಡೆಯ ನಮ್ಮ ಹರಿಹರದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯನ್ನು ನಮ್ಮ ಮನೆಯವರು ಅಲ್ಲಿಯೇ ನೆನೆದರು. ಬಿಂದುಸಾಗರದ ದಂಡೆಯ ಮೇಲೆ ಅನಂತವಾಸುದೇವನ ಗುಡಿಯೊಂದಿದೆ. ಅದನ್ನು 1278ರಲ್ಲಿ ಕಟ್ಟಿಸಿದವಳು ಗಂಗರ ಮನೆಯ ಮಗಳು ಚಂದ್ರಿಕಾದೇವಿ. ಅಲ್ಲಿ ಮಣ್ಣಿನ ಮಡಕೆಯಲ್ಲಿ ಬೇಯಿಸಿದ ಅನ್ನ, ದಾಲ್ಮಾಗಳನ್ನು ಬಾಳೆಯೆಲೆಯ ಮೇಲೆ ಪ್ರಸಾದವಾಗಿ ಉಣ್ಣಬಹುದು. ದೂರದಿಂದ ಬಂದವರ ಹೊಟ್ಟೆ ಅಲ್ಲಿ ತಣಿಯುತ್ತದೆ.

ನಂಟಿನ ಮಾತನ್ನಾಡುವಾಗ ಜಗಳದ ಮಾತನ್ನು ಮುಚ್ಚಿಡಬಾರದು. ಹದಿನೈದನೆಯ ಶತಮಾನದಲ್ಲಿ ಗಂಗರ ಸಿಂಹಾಸನವನ್ನು ತಾನೇ ಏರಿದ ಕಪಿಲೇಂದ್ರನು ಗಜಪತಿ ಎಂಬುದರ ಜೊತೆಗೆ ಗೌಡೇಶ್ವರ, ನವಕೋಟಿ ಕರ್ಣಾಟ ಕಲಬರ್ಗೇಶ್ವರ ಎಂಬ ಬಿರುದುಗಳನ್ನು ಧರಿಸಿದನು. ನಡುರಾತ್ರಿಯಲ್ಲಿ ನಮ್ಮ ಗಾಡಿ ನಿಂತ ಆ ಕಲಬುರಗಿಯೇ ಇದು. ಬಹಮನಿಗಳೊಡನೆ, ವಿಜಯನಗರದವರೊಡನೆ ಅವನು ಕಾದಿದ್ದು ನಿಜ. ಕರ್ಣಾಟಕದ ಒಡೆಯನೆಂಬುದು ಬಿರುದಿನ ಮಾತು. ಮುಂದೆ 1514ರಲ್ಲಿ ಕೃಷ್ಣದೇವರಾಯನು ಗಜಪತಿಯ ಕೈಯಿಂದ ಉದಯಗಿರಿಯ ಕೋಟೆಯನ್ನು ಗೆದ್ದು, ಅಲ್ಲಿಯ ಬಾಲಕೃಷ್ಣನ ಮೂರ್ತಿಯನ್ನು ಹಂಪಿಗೆ ತಂದು, ಅದಕ್ಕೆಂದು ಗುಡಿಯನ್ನು ಕಟ್ಟಿಸಿದನು. ಕೊನೆಗೆ ಸಂಧಿಯಾಗಿ ಕೃಷ್ಣಾನದಿಯ ಉತ್ತರದ ನೆಲವನ್ನು ಗಜಪತಿಗೇ ಬಿಟ್ಟುಕೊಟ್ಟನು. ಅವರ ಬಿರುದಿನಲ್ಲಿ ನಮ್ಮ ಊರು, ನಮ್ಮ ಹಂಪಿಯಲ್ಲಿ ಅವರಿಂದ ಗೆದ್ದು ತಂದ ದೇವರು. ಇಂದು ಆ ಬಿರುದಿನಿಂದ ನಮಗೆ ನೋವಿಲ್ಲ, ಆ ಗುಡಿಯಿಂದ ಅವರಿಗೆ ಮುನಿಸಿಲ್ಲ. ಗಡಿಯ ಜಗಳಗಳಿಗೂ ಮುಪ್ಪುಂಟು ಎಂಬುದು ಇದರಿಂದ ತಿಳಿಯುತ್ತದೆ.

ಊರಿನಿಂದ 8 ಕಿಲೋಮೀಟರಿನಷ್ಟು ದೂರದಲ್ಲಿ, ದಯಾನದಿಯ ಸಮೀಪ ಧೌಳಿಯ ಗುಡ್ಡವಿದೆ. ಮೇಲೆ 1972ರಲ್ಲಿ ಕಟ್ಟಿದ ಬಿಳಿಯ ಶಾಂತಿಸ್ತೂಪ. ಜನರೆಲ್ಲ ಅತ್ತ ಹೋಗುತ್ತಾರೆ. ಕೆಳಗೆ ಬಂಡೆಯಿಂದ ಹೊರಬರುತ್ತಿರುವಂತೆ ಕಡೆದ ಆನೆಯ ಮುಂಭಾಗವೊಂದಿದೆ; ಅದರ ಅಡಿಯಲ್ಲಿ ಅಶೋಕನ ಶಾಸನ. ಕಳಿಂಗದ ಯುದ್ಧವನ್ನು ಬಣ್ಣಿಸುವ ಹದಿಮೂರನೆಯ ಶಾಸನ ಇಲ್ಲಿಲ್ಲ. ಗಂಡನನ್ನೂ ಮಗನನ್ನೂ ಕಳೆದುಕೊಂಡವರ ಮುಂದೆ ಆ ಲೆಕ್ಕವನ್ನು ಓದಿಸಲು ಅರಸನಿಗೆ ಮನಸ್ಸಾಗಲಿಲ್ಲವೋ ಏನೋ. ಅದರ ಬದಲು ಎರಡು ಪ್ರತ್ಯೇಕ ಶಾಸನಗಳನ್ನು ಕೊರೆಸಿದ್ದಾನೆ. ಅವು ಪ್ರಜೆಗಳಿಗೆ ಬರೆದವಲ್ಲ, ಅಧಿಕಾರಿಗಳಿಗೆ ಬರೆದವು. ಮನುಷ್ಯರೆಲ್ಲರೂ ತನ್ನ ಮಕ್ಕಳು, ಯಾರನ್ನೂ ಕಾರಣವಿಲ್ಲದೆ ಸೆರೆಯಲ್ಲಿಡಬಾರದು, ಪೀಡಿಸಬಾರದು. ಅಸೂಯೆ, ಸಿಟ್ಟು, ಅವಸರ, ಸೋಮಾರಿತನ ಇವು ಅಧಿಕಾರಿಯ ಬಳಿ ಸುಳಿಯಬಾರದು ಎಂಬುದು ಒಂದರ ಸಾರ. ಗಡಿಯಾಚೆಯ ಜನ ತನಗೆ ಅಂಜದೆ ತನ್ನನ್ನು ನಂಬುವಂತೆ ನಡೆದುಕೊಳ್ಳಿರೆಂಬುದು ಇನ್ನೊಂದರ ಸಾರ. ಕೌಂಟರಿನ ಹಿಂದೆ ಕುಳಿತು ಮುಂದಿನ ಸಾಲನ್ನು ನೋಡಿ ಹುಬ್ಬು ಗಂಟಿಕ್ಕುವ ನಮ್ಮ ವರ್ಗದವರಿಗೆ ಎರಡು ಸಾವಿರ ವರ್ಷ ದಾಟಿದ ಮೇಲೂ ಈ ಸುತ್ತೋಲೆ ಅನ್ವಯಿಸುತ್ತದೆ.

ಈ ಎರಡು ಪ್ರತ್ಯೇಕ ಶಾಸನಗಳು ಧೌಳಿಯಲ್ಲಿವೆ, ಗಂಜಾಂ ಜಿಲ್ಲೆಯ ಜೌಗಡದಲ್ಲಿವೆ. ಮೂರನೆಯ ಪ್ರತಿಯೊಂದಿದೆಯೆಂದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಭೀಮಾನದಿಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬೆಯ ದೇವಾಲಯವಿದೆ. 1986ರಲ್ಲಿ ಅಲ್ಲಿಯ ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ಮೂರ್ತಿಯ ಪೀಠಕ್ಕೆ ಹಾಕಿದ್ದ ಕಲ್ಲುಚಪ್ಪಡಿಯ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡವು. ಓದಿ ನೋಡಿದರೆ ಕಳಿಂಗದವರಿಗೆಂದು ಬರೆದ ಅದೇ ಪ್ರತ್ಯೇಕ ಶಾಸನಗಳು! ಒಡಿಯಾ ನೆಲದಲ್ಲಿ ಎರಡು ಪ್ರತಿ, ಕನ್ನಡ ನೆಲದಲ್ಲಿ ಒಂದು ಪ್ರತಿ. ಎರಡು ನಾಡುಗಳಿಗೂ ಒಂದೇ ಕಾಗದ ಬಂದಿತ್ತು. ನಮ್ಮ ಪ್ರತಿಯನ್ನು ಒಡೆದು ಓದಲು ನಾವು ತಡಮಾಡಿದೆವು.

ನುಡಿಯ ನಾಡು ಎಲ್ಲರಿಗೂ ಸುಖ ತಂದಿತೆಂದು ಹೇಳಿದರೆ ಸುಳ್ಳಾದೀತು. ಸರಾಯಿಕೇಲ, ಖರಸಾವಾ ಎಂಬ ಎರಡು ಚಿಕ್ಕ ಸಂಸ್ಥಾನಗಳು 1948ರ ಜನವರಿಯಲ್ಲಿ ಒಡಿಶಾಕ್ಕೆ ಸೇರಿದವು. ಅಲ್ಲಿಯ ಆದಿವಾಸಿಗಳಿಗೆ ಅದು ಬೇಡವಾಗಿತ್ತು. ಜನವರಿ 1ರಂದು ಖರಸಾವಾದಲ್ಲಿ ನೆರೆದಿದ್ದ ಅವರ ಮೇಲೆ ಪೋಲೀಸರು ಗುಂಡು ಹಾರಿಸಿ ಅನೇಕರು ಮಡಿದರು. ಅದೇ ವರ್ಷದ ಮೇ ತಿಂಗಳಲ್ಲಿ ಆ ಸೀಮೆ ಬಿಹಾರಕ್ಕೆ ಹೋಯಿತು, 2000ದಿಂದೀಚೆಗೆ ಝಾರ್ಖಂಡದಲ್ಲಿದೆ. ಅಲ್ಲಿ ಉಳಿದ ಒಡಿಯಾ ಜನರಿಗೂ ಕೊರಗುಂಟು, ಗುಂಡಿಗೆ ಬಲಿಯಾದವರ ಮನೆಯವರಿಗೂ ಕೊರಗುಂಟು. ಕಾಸರಗೋಡನ್ನು, ಸೊಲ್ಲಾಪುರವನ್ನು, ಅಕ್ಕಲಕೋಟೆಯನ್ನು ನೆನೆದಾಗ ನಮ್ಮ ಮನಸ್ಸೂ ಮುದುಡುತ್ತದೆ. ಯಾವ ಗೆರೆಯನ್ನು ಎಲ್ಲಿ ಎಳೆದರೂ ಅದರಾಚೆ ನಮ್ಮವರು ಕೆಲವರು ಉಳಿಯುತ್ತಾರೆ, ಅದರೊಳಗೆ ಬೇರೆಯವರು ಕೆಲವರು ಉಳಿಯುತ್ತಾರೆ. ಹಾಗೆ ಉಳಿದವರನ್ನು ನಾಡು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರ ಮೇಲೆ ಅದರ ಯೋಗ್ಯತೆ ನಿಂತಿದೆ.

ಮುಂಬಯಿಯ ಕನ್ನಡಿಗರಾದ ನಮಗೆ ಈ ಮಾತು ಮನೆಯ ಮಾತು. ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿಯುತ್ತಾರೆ, ಮನೆಯಲ್ಲಿ ಕನ್ನಡವಾಡುತ್ತಾರೆ. ನಮ್ಮ ಊರು ಯಾವುದೆಂದು ಕೇಳುತ್ತಾರೆ. ಹುಟ್ಟಿದ ಊರನ್ನು ಬಿಟ್ಟು ಬಂದವರು ಬಂದ ಊರಿಗೆ ಬಾಡಿಗೆದಾರರು ಮಾತ್ರವೇ ಎಂಬ ಅಳುಕು ಹಿರಿಯರಲ್ಲೂ ಉಂಟು. ಭುವನೇಶ್ವರವನ್ನು ನೋಡಿ ಬಂದ ಮೇಲೆ ಆ ಅಳುಕಿಗೆ ಉತ್ತರ ದೊರೆತಂತಾಯಿತು. ಭಾಷೆಯ ಹೆಸರಿನಲ್ಲಿ ಮೊದಲು ಹುಟ್ಟಿದ ನಾಡು ತನ್ನ ರಾಜಧಾನಿಯ ನಕ್ಷೆಯನ್ನು, ಮೈಸೂರಿನ ಉಪ್ಪುಂಡ ಒಬ್ಬ ಜರ್ಮನ್ ನಿರಾಶ್ರಿತನ ಕೈಯಿಂದ ಬರೆಸಿಕೊಂಡಿತು. ತನ್ನ ಅತ್ಯಂತ ಪ್ರಿಯವಾದ ದೇವರ ಗುಡಿಯನ್ನು, ಕೋಲಾರದಿಂದ ಬಂದವರೆಂದು ಹೇಳಿಕೊಂಡವರಿಂದ ಕಟ್ಟಿಸಿಕೊಂಡಿತು. ಇದರಿಂದ ಒಡಿಯಾತನಕ್ಕೆ ಎಳ್ಳಷ್ಟೂ ಕೊರತೆಯಾಗಲಿಲ್ಲ. ಇದ್ದ ಊರಿಗೆ ದುಡಿದವನು ಆ ಊರಿನವನೇ. ಹಿರಿಯರ ಊರಿನ ಹೆಸರನ್ನು ಹೇಳಿಕೊಂಡದ್ದರಿಂದ ಅವನ ಹಕ್ಕು ಕಡಿಮೆಯಾಗದು. ಕನ್ನಡವನ್ನು ಉಳಿಸಿಕೊಂಡೇ ಮುಂಬಯಿಯವರಾಗಿರುವುದು ನಮ್ಮ ಮಕ್ಕಳಿಗೂ ಸಾಧ್ಯವಿದೆ.

ಹೋಗಬಯಸುವವರಿಗೆ ಒಂದೆರಡು ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಊರನ್ನೂ ಗುಡಿಗಳನ್ನೂ ಧೌಳಿಯನ್ನೂ ನೋಡಲು ಮೂರು ದಿನ ಸಾಕು. ಪುರಿ, ಕೋಣಾರ್ಕಗಳಿಗೆ ಇನ್ನೆರಡು ದಿನ ಬೇಕು. ಮರಳುವಾಗ ರಜೆ ಉಳಿದಿದ್ದರೆ ಕಲಬುರಗಿಯಲ್ಲಿ ಇಳಿದು ಮಕ್ಕಳನ್ನು ಸನ್ನತಿಗೆ ಕರೆದೊಯ್ಯಿರಿ. ಧೌಳಿಯಲ್ಲಿ ಕಂಡ ಅಕ್ಷರಗಳನ್ನೇ ಅವರು ಭೀಮೆಯ ದಂಡೆಯಲ್ಲಿಯೂ ಕಾಣಲಿ.